ಉಜ್ಜಿ ಸವೆಸಿದ ಮೂರು ಹಾಳೆ

ಪುಸ್ತಕದಲ್ಲಿ ಅಡಿಟಿಪ್ಪಣಿ ಬಂದರೆ ಏನು ಮಾಡಬೇಕೆಂದು ನನ್ನ ತಮ್ಮ ನನಗೆ ಚೆನ್ನಾಗಿ ಹೇಳಿಕೊಟ್ಟಿದ್ದ. ನಾನೂ ಚೆನ್ನಾಗಿ ಕಲಿತಿದ್ದೆ. ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ಯಾರೂ ತಿಳಿಯಬಾರದು, ಅದಕ್ಕೆ ಇದನ್ನು ಮೊದಲೇ ಬರೆದುಬಿಡುತ್ತೇನೆ.

ತಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ೧೯೯೬ರಲ್ಲಿ ಅವನು ಇತಿಹಾಸದಲ್ಲಿ ಎಂ.ಎ. ಮುಗಿಸಿ, ಸೊರಬದ ನಮ್ಮ ಮನೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತ ಕೂತಿದ್ದ. ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು. ಓದಿದ್ದು ಏಳನೆಯ ತರಗತಿ. ಚಿಕ್ಕಂದಿನಲ್ಲಿ ಅವನಿಗೆ ಬ್ರೈಲ್ ಕಲಿಸಲು ವಾರಕ್ಕೊಮ್ಮೆ ಮೇಷ್ಟ್ರೊಬ್ಬರು ಬರುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಕಲಿತೆ. ಅವನು ಬೆರಳಿನಿಂದ ಓದುತ್ತಿದ್ದ, ನಾನು ಅದೇ ಚುಕ್ಕೆಗಳನ್ನು ಕಣ್ಣಿನಿಂದ ನೋಡಿ ಓದುತ್ತಿದ್ದೆ.

ನಾವಿಬ್ಬರೂ ಒಂದೇ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆವು. ಕೈ ಹಿಡಿದು ಕರೆದುಕೊಂಡು ಹೋಗುವವಳು ನಾನು. ನನ್ನ ಏಳನೆಯ ತರಗತಿ ಮುಗಿದಾಗ ಅವನಿಗೆ ಅಲ್ಲಿ ಇನ್ನೂ ಎರಡು ವರ್ಷ ಬಾಕಿ ಇತ್ತು. ಹೈಸ್ಕೂಲು ಊರಿನ ಇನ್ನೊಂದು ತುದಿಯಲ್ಲಿ. ಅಪ್ಪನಿಗೆ ಕಿರಾಣಿ ಅಂಗಡಿ ಬಿಟ್ಟು ಬರಲು ಆಗುತ್ತಿರಲಿಲ್ಲ. "ಎರಡು ವರ್ಷ ನಿಲ್ಲು, ಆಮೇಲೆ ಇಬ್ರೂ ಒಟ್ಟಿಗೆ ಸೇರಿ" ಎಂದರು. ಎರಡು ವರ್ಷವಾದ ಮೇಲೆ ಅವನೊಬ್ಬನನ್ನೇ ಸೇರಿಸಿದರು. ಅವನನ್ನು ಬೆಂಚಿನ ಮೇಲೆ ಕೂರಿಸಿ ನಾನು ಹೊರಗೆ ಜಗಲಿಯಲ್ಲಿ ಸಂಜೆವರೆಗೆ ಕಾಯುತ್ತಿದ್ದೆ. ಪಾಠವೆಲ್ಲ ಕಿಟಕಿಯಿಂದ ಕೇಳುತ್ತಿತ್ತು. ಪರೀಕ್ಷೆ ಮಾತ್ರ ಅವನಿಗೆ. ಆಮೇಲೆ ನನ್ನ ಮದುವೆಯ ಮಾತು ಬಂದಾಗಲೂ ಅಮ್ಮ ಅದೇ ರಾಗ ಎಳೆಯುತ್ತಿದ್ದಳು: "ಅವನಿಗೊಂದು ಕೆಲ್ಸ ಆಗ್ಲಿ, ಆಮೇಲೆ ನೋಡೋಣ."

ಆ ವರ್ಷ ಶಿಕಾರಿಪುರದ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರ ಜಾಗ ಖಾಲಿಯಾಯಿತು. ಸಂದರ್ಶನದ ದಿನ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು, ನಮ್ಮ ಸೀಮೆಯ ವಿಷಯವಾದರೆ ಒಳ್ಳೆಯದು ಎಂದು ಪತ್ರದಲ್ಲಿತ್ತು. ತಮ್ಮ ಕೆರೆಗಳನ್ನು ಆರಿಸಿಕೊಂಡ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಕೆರೆ ಶಾಸನಗಳ ಮೇಲೆ ವಿದ್ವಾಂಸರೊಬ್ಬರು ಬರೆದ ದಪ್ಪ ಪುಸ್ತಕ ಲೈಬ್ರರಿಯಲ್ಲಿ ಸಿಕ್ಕಿತು. ಎರಡನೆಯ ಮುದ್ರಣ. ಪೂರ್ತಿ ಬ್ರೈಲಿಗೆ ಇಳಿಸಿಕೊಡು ಎಂದ.

"ಪೂರ್ತಿ ಎಂತಕ್ಕೆ? ಬೇಕಾದ್ದನ್ನ ಓದಿ ಹೇಳ್ತೀನಿ, ಕೇಳ್ಕೊ" ಎಂದೆ.

"ಬೇಕಾದ್ದು ಯಾವ್ದು ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ ಅಕ್ಕ?"

ಅವನು ಕೊಂಕಿನಿಂದ ಕೇಳಿದ್ದಲ್ಲ. ಆದರೂ ಆ ಮಾತು ನನ್ನಲ್ಲಿ ಉಳಿಯಿತು.

ಬ್ರೈಲ್ ಬರೆಯುವುದು ಹೇಗೆಂದು ಹೇಳಬೇಕು. ಎರಡು ಲೋಹದ ಪಟ್ಟಿಗಳ ನಡುವೆ ದಪ್ಪ ಕಾಗದ ಸಿಕ್ಕಿಸುತ್ತೇವೆ. ಮೇಲಿನ ಪಟ್ಟಿಯಲ್ಲಿ ಸಾಲಾಗಿ ಸಣ್ಣ ಕಿಂಡಿಗಳು, ಒಂದು ಕಿಂಡಿಯಲ್ಲಿ ಆರು ಚುಕ್ಕೆಗೆ ಜಾಗ. ಮರದ ಹಿಡಿ ಇರುವ ಮೊಂಡು ಮೊಳೆಯಿಂದ ಒಂದೊಂದೇ ಚುಕ್ಕೆ ಒತ್ತಬೇಕು. ಹಾಳೆ ತಿರುಗಿಸಿದಾಗ ಚುಕ್ಕೆ ಉಬ್ಬಿ ಬರುತ್ತದೆ. ಅದಕ್ಕೆ ಬರೆಯುವಾಗ ಬಲದಿಂದ ಎಡಕ್ಕೆ ಬರೆಯಬೇಕು. ತಪ್ಪಿದರೆ ಉಬ್ಬನ್ನು ಉಗುರಿನಿಂದ ಒತ್ತಿ ಕೂರಿಸಬೇಕು, ಆದರೂ ಕಲೆ ಉಳಿಯುತ್ತದೆ. ಅಪ್ಪನ ಅಂಗಡಿಗೆ ಬರುತ್ತಿದ್ದ ಹಳೆಯ ಕ್ಯಾಲೆಂಡರುಗಳನ್ನು ಕತ್ತರಿಸಿ ನಾವು ಹಾಳೆ ಮಾಡಿಕೊಳ್ಳುತ್ತಿದ್ದೆವು. ಅಚ್ಚಿನ ಒಂದು ಪುಟ ಮೂರು ಹಾಳೆ ತಿನ್ನುತ್ತಿತ್ತು. ಹತ್ತು ಪುಟವಾಗುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು.

ಆ ಪುಸ್ತಕದ ತುಂಬ ಅಡಿಟಿಪ್ಪಣಿ. ಸಾಲಿನಲ್ಲಿ ಒಂದು ಪದದ ತಲೆಯ ಮೇಲೆ ನಕ್ಷತ್ರ ಇರುತ್ತದೆ, ಪುಟದ ಕೆಳಗೆ ಗೆರೆ ಎಳೆದು ಸಣ್ಣ ಅಕ್ಷರದಲ್ಲಿ ಅದರ ವಿವರಣೆ. ಇದನ್ನು ಎಲ್ಲಿ ಹಾಕುವುದು ಎಂದು ಮೊದಲ ದಿನ ಕೇಳಿದೆ. ಪುಟದ ಕೆಳಗೇ ಹಾಕಲೇ?

"ಯಾವ ಪುಟದ ಕೆಳಗೆ ಮಾರಾಯ್ತಿ? ನಿನ್ನ ಒಂದು ಪುಟ ನಂಗೆ ಮೂರು ಹಾಳೆ. ಮೊದಲ್ನೇ ಹಾಳೇಲಿ ನಕ್ಷತ್ರ ಇಟ್ಟು ಮೂರ್ನೇ ಹಾಳೆ ಅಡಿಗೆ ಟಿಪ್ಪಣಿ ಹಾಕಿದ್ರೆ ನಾನು ಊರೆಲ್ಲ ತಡಕಾಡ್ಬೇಕು."

ಅವನೇ ಕೂತು ಯೋಚಿಸಿ ಕ್ರಮ ಹಾಕಿದ. ನಕ್ಷತ್ರ ಬಂದ ಕಡೆ ಒಂದು ಗುರುತು. ಪ್ಯಾರಾ ಮುಗಿಯುವವರೆಗೆ ತಡೆಯದೆ ಬರೆಯಬೇಕು. ಮುಗಿದ ಮೇಲೆ ಒಂದು ಸಾಲು ಖಾಲಿ ಬಿಟ್ಟು, ನಾಲ್ಕು ಕಿಂಡಿ ಒಳಗೆ ಸರಿಸಿ, ಅದೇ ಗುರುತು ಹಾಕಿ ಟಿಪ್ಪಣಿ ಬರೆಯಬೇಕು. ಟಿಪ್ಪಣಿ ಅಚ್ಚಿನಲ್ಲಿ ಮುಂದಿನ ಪುಟಕ್ಕೆ ಹರಿದಿದ್ದರೂ ಇಲ್ಲಿ ಒಂದೇ ಕಡೆ ಮುಗಿಸಬೇಕು. ಮತ್ತೊಂದು ಸಾಲು ಖಾಲಿ ಬಿಟ್ಟು ಮುಂದಿನ ಪ್ಯಾರಾ.

ತಿದ್ದುವುದು ಸಂಜೆ. ನಾನು ಅಚ್ಚಿನ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ, ಅವನು ನನ್ನ ಹಾಳೆಗಳ ಮೇಲೆ ಬೆರಳು ಓಡಿಸುತ್ತಿದ್ದ. ಓದಿದ್ದಕ್ಕೂ ಬೆರಳಿಗೆ ಸಿಕ್ಕಿದ್ದಕ್ಕೂ ವ್ಯತ್ಯಾಸವಾದರೆ "ನಿಲ್ಲು" ಎನ್ನುತ್ತಿದ್ದ. ಒಂದು ಒತ್ತು ಬಿಟ್ಟಿದ್ದರೂ ಹಿಡಿಯುತ್ತಿದ್ದ.

ನಲವತ್ತು ಪುಟದವರೆಗೆ ನಾನು ಪ್ರಾಮಾಣಿಕವಾಗಿ ಬರೆದೆ. ಒಂದು ಮಧ್ಯಾಹ್ನ ಒಂಬತ್ತು ಸಾಲಿನ ಟಿಪ್ಪಣಿ ಎದುರಾಯಿತು. ಪೂರ್ತಿ ಹಳಗನ್ನಡದ ಶಾಸನ ಪಾಠ. ಈಗ ಬಳಕೆಯಲ್ಲೇ ಇಲ್ಲದ ಅಕ್ಷರಗಳು, ಅವಕ್ಕೆ ಯಾವ ಚುಕ್ಕೆಯೆಂದು ನನಗೆ ಗೊತ್ತಿಲ್ಲ. ಹಿತ್ತಲಲ್ಲಿದ್ದ ತಮ್ಮನನ್ನು ಕರೆದು ಕೇಳಿದ್ದರೆ ಹೇಳುತ್ತಿದ್ದ. ನಾನು ಕರೆಯಲಿಲ್ಲ. ಟಿಪ್ಪಣಿ ಬಿಟ್ಟೆ. ನಕ್ಷತ್ರದ ಗುರುತನ್ನೂ ಹಾಕಲಿಲ್ಲ.

ಸಂಜೆ ಎಂದಿನಂತೆ ಓದಲು ಕೂತೆ. ಆ ಪುಟ ಬಂತು. ಗೆರೆಯ ಕೆಳಗಿನದನ್ನು ಓದದೆ ಮುಂದಿನ ಪ್ಯಾರಾಕ್ಕೆ ಹೋದೆ. ಅವನ ಬೆರಳು ನನ್ನ ದನಿಯ ಜೊತೆಗೇ ಹೋಯಿತು. "ಒಂದಕ್ಷರ ತಪ್ಪಿಲ್ಲ ಅಕ್ಕ" ಎಂದ.

ಆಗ ನನಗೆ ಅರ್ಥವಾಯಿತು. ಬರೆಯುವವಳೂ ನಾನೇ, ಓದಿ ಹೇಳುವವಳೂ ನಾನೇ. ಎರಡೂ ಕಡೆ ಬಿಟ್ಟರೆ ಅದು ಅವನ ಪಾಲಿಗೆ ಪುಸ್ತಕದಲ್ಲಿ ಇರುವುದೇ ಇಲ್ಲ. ಮರುದಿನದಿಂದ ಆರಿಸಿ ಬಿಡತೊಡಗಿದೆ. ಮೊದಲು ಉದ್ದದವು, ಆಮೇಲೆ ಗಿಡ್ಡವೂ. ಅಂಗೈ ನೋವೆಂದು ಶುರುವಾದದ್ದು ನಿಜ. ಆದರೆ ನೋವಿಲ್ಲದ ದಿನವೂ ಬಿಟ್ಟೆ. ಎಂ.ಎ. ಓದಿದವನಿಗೆ ಯಾವುದು ಬೇಕು, ಯಾವುದು ಬೇಡ ಎಂದು ಏಳನೇ ಕ್ಲಾಸಿನವಳು ತೀರ್ಮಾನಿಸುತ್ತಿದ್ದಳು. ಅದರಲ್ಲಿ ನನಗೆ ಖುಷಿ ಇತ್ತು. ಆ ಖುಷಿಯನ್ನು ಇವತ್ತು ಬೇರೆ ಹೆಸರಿನಿಂದ ಕರೆಯಲು ನನಗೆ ಬರುವುದಿಲ್ಲ.

"ಇತ್ತೀಚೆಗೆ ಟಿಪ್ಪಣಿ ಕಮ್ಮಿ ಆದಂಗಿದೆ ಅಲ್ಲಾ?" ಎಂದು ಒಮ್ಮೆ ಕೇಳಿದ.

"ಬರೆದೋರಿಗೂ ಕೈ ನೋವು ಬಂದಿರ್ಬೇಕು" ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಪುಸ್ತಕದ ನಡುವೆ ಕುಬಟೂರಿನ ಕಡೆಯ ಒಂದು ಕೆರೆಯ ವಿಷಯವಿತ್ತು. ಗಾಣಿಗರ ಹೆಂಗಸೊಬ್ಬಳು ಒಡವೆ ಮಾರಿ ಆ ಕೆರೆ ಕಟ್ಟಿಸಿದಳೆಂದು ಶಾಸನ ಹೇಳುತ್ತದೆ ಎಂದು ಎರಡು ಪುಟ ಬರೆದಿದ್ದರು. ತಮ್ಮನಿಗೆ ಅದು ತುಂಬ ಹಿಡಿಸಿತು. ಪಾಠವನ್ನೆಲ್ಲ ಆ ಹೆಂಗಸಿನ ಸುತ್ತ ಕಟ್ಟಿದ. ಅಡುಗೆಮನೆಯಲ್ಲಿ ಅಮ್ಮನನ್ನೂ ನನ್ನನ್ನೂ ಕೂರಿಸಿ ಪಾಠ ಮಾಡಿ ತೋರಿಸಿದ. ಅಮ್ಮ ಕಣ್ಣೊರೆಸಿಕೊಂಡಳು. ಆ ಪುಟದ ಕೆಳಗೂ ಒಂದು ಟಿಪ್ಪಣಿ ಇತ್ತು. ಬರೆಯುವ ದಿನ ನಾನು ಅದನ್ನು ಓದದೆಯೇ ಬಿಟ್ಟಿದ್ದೆ.

ಸಂದರ್ಶನದ ದಿನ ಮೊದಲ ಬಸ್ಸಿಗೆ ಹೊರಟೆವು. ಕಾಲೇಜಿನ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿ ಆಡಳಿತ ಸಮಿತಿಯವರು ಐದು ಜನ. ಅವನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ ನಾನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತೆ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಅವನು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು.

ಸಮಿತಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅವರು ಎದ್ದು, "ಛಲೋ ಹೇಳಿದ್ರಿ. ಆದ್ರೆ ಆ ಶಾಸನ ಈ ಕೆರೆದಲ್ಲ ಅಲ್ರೀ. ಪುಸ್ತಕ ಬರೆದೋರೇ ಕೆಳಗೆ ಟಿಪ್ಪಣಿ ಹಾಕ್ಯಾರ. ನೋಡ್ಲಿಲ್ಲೇನು?" ಎಂದರು.

ಅವರ ಕೈಯಲ್ಲಿ ಅದೇ ಪುಸ್ತಕವಿತ್ತು. ಓದಿದರು. ಮೊದಲ ಮುದ್ರಣದಲ್ಲಿ ಎರಡು ಊರಿನ ಶಾಸನಗಳ ಪಡಿಯಚ್ಚು ಅದಲುಬದಲಾಗಿತ್ತು, ಈ ಹೆಂಗಸಿಗೂ ಈ ಕೆರೆಗೂ ಸಂಬಂಧವಿಲ್ಲ, ಮೇಲಿನ ಎರಡು ಪುಟವನ್ನು ಓದುಗರು ಕೈಬಿಡಬೇಕು ಎಂದು ಬರೆದವರೇ ಒಪ್ಪಿಕೊಂಡಿದ್ದರು.

ತಮ್ಮ ದನಿ ಬಂದ ಕಡೆಗೆ ತಿರುಗಿದ. ಆಮೇಲೆ, "ಆ ಪುಟದಲ್ಲಿ ಟಿಪ್ಪಣಿ ಇಲ್ಲ ಸರ್. ನಾನು ಮೂರು ಸಲ ಓದಿದೀನಿ" ಎಂದ.

ಹಿಂದಿನಿಂದ ಯಾರೋ ನಕ್ಕರು. "ನಾವು ಕಣ್ಣಾರೆ ನೋಡಾಕತ್ತೀವಲ್ಲೋ ಮಾರಾಯ" ಎಂದರು. ವಿದ್ಯಾರ್ಥಿಗಳೂ ನಕ್ಕರು.

"ನನ್ನ ಪುಸ್ತಕ ನನ್ನ ಅಕ್ಕ ಬರೆದಿದ್ದು ಸರ್. ಅವಳು ಒಂದಕ್ಷರ ಬಿಡೋಳಲ್ಲ. ಹೊರಗೆ ಕೂತಿದಾಳೆ, ಕೇಳಿ."

ನನ್ನನ್ನು ಒಳಗೆ ಕರೆದರು. ಅಧ್ಯಕ್ಷರು ಪುಟ ತೋರಿಸಿ ಕೇಳಿದರು: "ನೋಡಮ್ಮ, ಇದನ್ನ ನೀವು ಬರ್ದಿದ್ರೋ ಇಲ್ಲೋ?"

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಒಬ್ಬ ಮಾತ್ರ ಮುಖವನ್ನು ಸ್ವಲ್ಪ ಓರೆ ಮಾಡಿ, ನಗುತ್ತ, ನನ್ನ ಉತ್ತರಕ್ಕೆ ಕಾಯುತ್ತಿದ್ದ.

"ಬರೆದಿದ್ದೆ ಸರ್" ಎಂದೆ. "ಅವನ ಬೆರಳಿಗೆ ತಪ್ಪಿರ್ಬೇಕು."

ಅವನ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ.

ಬಸ್ಸು ಶಿರಾಳಕೊಪ್ಪ ದಾಟಿತು. ಆಮೇಲೆ, "ನಾಳೆ ಆ ಹಾಳೆ ಕಟ್ಟು ತೆಗೆದುಕೊಡು ಅಕ್ಕ. ಆ ಪುಟ ನೋಡ್ಬೇಕು" ಎಂದ.

ಇಲ್ಲಿಯವರೆಗೆ ಮಾಡಿದ್ದನ್ನು ಸೋಮಾರಿತನ, ಹೆದರಿಕೆ ಎಂದು ಕರೆಯುವವರು ಕರೆಯಬಹುದು. ಮರುದಿನ ಮಾಡಿದ್ದಕ್ಕೆ ಅಂಥ ಹೆಸರಿಲ್ಲ. ಬೆಳಿಗ್ಗೆ ಅಪ್ಪ ಅವನನ್ನು ಕ್ಷೌರಕ್ಕೆ ಕರೆದುಕೊಂಡು ಹೋದರು. ಕಟ್ಟು ಬಿಚ್ಚಿ ಆ ಪ್ಯಾರಾ ಇದ್ದ ಎರಡು ಹಾಳೆ ಹೊರಗೆ ತೆಗೆದೆ. ಅವನ್ನೇ ನಕ್ಷತ್ರದ ಗುರುತು ಮತ್ತು ಟಿಪ್ಪಣಿ ಸಮೇತ ಮತ್ತೆ ಬರೆದೆ. ಮೂರು ಹಾಳೆಯಾಯಿತು. ಹಳೆಯವನ್ನು ಒಲೆಗೆ ಹಾಕಿದೆ. ಆದರೆ ಹೊಸ ಚುಕ್ಕೆ ಮುಟ್ಟಿದರೆ ಚೂಪು. ಮೂರು ಸಲ ಓದಿದ ಹಾಳೆಯ ಚುಕ್ಕೆ ತಲೆ ಸವೆದು ನುಣುಪಾಗಿರುತ್ತದೆ. ಅವನಿಗೆ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಹಾಳೆಗಳ ಮೇಲೆ ಬಟ್ಟೆ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಸಾಲು ಸಾಲಾಗಿ ಉಜ್ಜಿದೆ. ಕೈಯ ಒತ್ತಡ ಹೆಚ್ಚಾಯಿತು. ಕೆಲವು ಚುಕ್ಕೆ ಕೂತೇ ಹೋದವು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪನ ಚಪ್ಪಲಿ ಸದ್ದಾಯಿತು. ಹಾಗೆಯೇ ಕಟ್ಟಿನೊಳಗೆ ಸೇರಿಸಿದೆ.

ಅವನು ಜಗಲಿಯಲ್ಲಿ ಕೂತು ಓದಿದ. ಆ ಹಾಳೆಗೆ ಬಂದಾಗ ಬೆರಳು ನಿಧಾನವಾಯಿತು. ಹಿಂದೆ ಹೋಯಿತು, ಮತ್ತೆ ಬಂತು. ಬೆರಳನ್ನು ಪಂಚೆಗೆ ಒರೆಸಿಕೊಂಡು ಇನ್ನೊಂದು ಕೈಯಿಂದ ನೋಡಿದ.

"ಇದೆ" ಎಂದ. "ಟಿಪ್ಪಣಿ ಇದೆ ಅಕ್ಕ. ಆದ್ರೆ ನಂಗೆ ಇಲ್ಲಿ ಸರಿಯಾಗಿ ಹತ್ತುತ್ತಾ ಇಲ್ಲ. ಮಂಜು ಮಂಜು." ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡು, "ಅಮ್ಮಂಗೆ ಪಾದ ಮರಗಟ್ಟಿದ್ದೂ ಹೀಗೇ ಶುರುವಾಗಿದ್ದಲ್ವಾ?" ಎಂದ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಪಾದಕ್ಕೆ ಮುಳ್ಳು ಹೊಕ್ಕರೂ ತಿಳಿಯುತ್ತಿರಲಿಲ್ಲ. ತನ್ನ ಬೆರಳಿಗೂ ಅದೇ ಬಂತು ಎಂದು ಅವನು ತೀರ್ಮಾನಿಸಿದ. ನಾನು "ಇರ್ಲಿಕ್ಕಿಲ್ಲ ಬಿಡೋ" ಎಂದೆ. ಅಷ್ಟೇ ಹೇಳಿದೆ.

ಆಸ್ಪತ್ರೆಯಲ್ಲಿ ರಕ್ತ ನೋಡಿ ಏನೂ ಇಲ್ಲ ಎಂದರು. "ಡಾಕ್ಟ್ರಿಗೆ ರಕ್ತ ಗೊತ್ತು, ಅಕ್ಷರ ಗೊತ್ತಿಲ್ಲ" ಎಂದು ಅವನು ಹೊರಗೆ ಬಂದ. ಓದುವುದು ನಿಲ್ಲಿಸಿದ. ಕಟ್ಟುಗಳನ್ನು ಅಟ್ಟಕ್ಕೆ ಹಾಕಿಸಿದ. ಹತ್ತಿದವರು ಅಪ್ಪ, ಕೆಳಗಿನಿಂದ ಒಂದೊಂದೇ ಎತ್ತಿ ಕೊಟ್ಟವಳು ನಾನು. ಶಿಕಾರಿಪುರದ ಕೆಲಸ ಬೇರೆಯವರಿಗಾಯಿತೆಂದು ತಿಳಿಯಿತು. ಅದೇ ತಿಂಗಳು ಸಾಗರದ ಕಡೆಯ ಇನ್ನೊಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು.

"ಬರಲ್ಲ ಅಂತ ಬರಿ" ಎಂದ.

"ಒಂದ್ಸಲ ನೋಡೋ. ಹೋಗಿ ಬರೋಣ."

"ಏನು ನೋಡ್ಲಿ? ನಿಂಗೆ ಕಣ್ಣು ಹೋದ್ರೆ ಟೈಲರಿಂಗ್ ಮಾಡ್ತೀನಿ ಅಂತ ಹೋಗ್ತೀಯಾ? ಬರಿ."

ಆಗಲಾದರೂ ಹೇಳಬಹುದಿತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು. ಅವನ ಹೆಸರಿನಲ್ಲಿ 'ಅನಾರೋಗ್ಯದ ನಿಮಿತ್ತ' ಎಂದು ಬರೆದು, ನಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದೆ.

ನಾಲ್ಕೈದು ವಾರವಾದ ಮೇಲೆ ಅವನ ಅಂಗಿ ಒಗೆಯುವಾಗ ತೋಳಿನ ತುದಿಯಲ್ಲಿ ಸಣ್ಣ ಸಣ್ಣ ರಕ್ತದ ಕಲೆ ಕಂಡೆ. ಒಳಗೆ ಹೋದೆ. ಅವನು ಗೋಡೆಗೆ ಒರಗಿ ಕೂತು ನನ್ನ ಹೊಲಿಗೆ ಸೂಜಿಯಿಂದ ಬೆರಳ ತುದಿಗಳನ್ನು ಒಂದೊಂದಾಗಿ ಚುಚ್ಚಿಕೊಳ್ಳುತ್ತಿದ್ದ. ಪ್ರತಿ ಬೆರಳನ್ನೂ ಚುಚ್ಚಿ, ಸ್ವಲ್ಪ ಕಾದು, ಮುಂದಿನದಕ್ಕೆ ಹೋಗುತ್ತಿದ್ದ.

"ಏನ್ ಮಾಡ್ತಿದೀಯ?"

"ನೋವಾಗುತ್ತಾ ಅಂತ ನೋಡ್ತಿದೀನಿ. ಆಗುತ್ತೆ ಅಕ್ಕ. ಆದ್ರೆ ನಂಬಿಕೆ ಬರಲ್ಲ."

ನಾನು ಸೂಜಿ ಕಿತ್ತುಕೊಂಡೆ. ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಒಂಬತ್ತು ಸಾಲಿನ ಟಿಪ್ಪಣಿಯಿಂದ ಚಮಚದವರೆಗೆ. ಅಳಲಿಲ್ಲ. ಅತ್ತರೆ ಅವನು ಸಮಾಧಾನ ಮಾಡಿಯಾನು ಎಂದು ಹೆದರಿಕೆಯಾಗಿತ್ತು.

ಅವನು ಕೇಳಿದ ಮೊದಲ ಪ್ರಶ್ನೆ: "ಎಷ್ಟು ಬಿಟ್ಟಿದೀಯ?"

"ಲೆಕ್ಕ ಇಟ್ಟಿಲ್ಲ."

"ಪಕ್ಕದ್ಮನೆ ಅಕ್ಕನ್ನ ಕರಿ."

ಪಕ್ಕದ ಮನೆಯ ಟೈಲರ್ ಸಾಹೇಬರ ಸೊಸೆ ಪಿಯುಸಿ ಓದಿದವಳು. ನಮ್ಮ ಮನೆಗೆ ಮೊಸರಿಗೆ ಹೆಪ್ಪು ಕೇಳಲು ಬರುತ್ತಿದ್ದಳು. ಅಟ್ಟದಿಂದ ಕಟ್ಟು ಇಳಿಸಿ, ಅಚ್ಚಿನ ಪುಸ್ತಕವನ್ನು ಅವಳ ಕೈಗೆ ಕೊಡಿಸಿ, ಮೊದಲ ಪುಟದಿಂದ ಓದಿಸಿದ. ಟಿಪ್ಪಣಿ ಬಂದಾಗಲೆಲ್ಲ ಹೇಳಬೇಕು. ಅವನ ಬೆರಳಿಗೆ ಅದು ಸಿಗದಿದ್ದರೆ ನಾನು ಆ ಜಾಗದಲ್ಲಿ ಹಾಳೆಗೆ ಒಂದು ದಾರ ಕಟ್ಟಬೇಕು. ಎಂಟು ದಿನ ಹಿಡಿಯಿತು. ಮೊದಲ ದಿನ ಅವಳು ನನ್ನ ಮುಖ ನೋಡಿ, "ಇದೂ ಇಲ್ವಾ ಅಕ್ಕ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಮೂರನೆಯ ದಿನದಿಂದ ಕೇಳುವುದು ಬಿಟ್ಟಳು. ಕಟ್ಟಿನ ಅಂಚಿನಲ್ಲಿ ದಾರಗಳು ಜೋಳದ ತೆನೆಯ ಕೂದಲಿನಂತೆ ನೇತಾಡುತ್ತಿದ್ದವು. ಉಜ್ಜಿದ ಮೂರು ಹಾಳೆ ಬಂದಾಗ ಅವನು ಅವನ್ನು ಎಳೆದು ತೆಗೆದು, ಮಡಿಸದೆ, ನನ್ನ ಮಡಿಲಿಗೆ ಇಟ್ಟ.

ಅವನ ಬೆರಳು ಚೆನ್ನಾಗಿಯೇ ಓಡುತ್ತಿತ್ತು.

ಎಂಟನೆಯ ದಿನ ಹೊಸ ನಿಯಮ ಮಾಡಿದ. ಬರೆದವರೇ ಓದಿ ಹೇಳಬಾರದು. ನಾನು ಬರೆಯುವುದು, ಅವಳು ಓದಿ ಹೇಳುವುದು. ಆಮೇಲೆ ನನಗೆ, "ಶಿಕಾರಿಪುರಕ್ಕೆ ಹೋಗು. ಅಲ್ಲಿ ಹೇಳಿದ್ದನ್ನ ಅಲ್ಲೇ ಸರಿ ಮಾಡು. ಒಬ್ಳೇ ಹೋಗು" ಎಂದ.

ನಿವೃತ್ತ ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಅವರು ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

"ಜಾಗ ತುಂಬಿ ಎರಡು ತಿಂಗಳಾತಲ್ರೀ" ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟರು. "ಒಂದು ಮಾತು ಹೇಳ್ತೀನಿ ನೋಡ್ರಿ. ಟಿಪ್ಪಣಿ ತಪ್ಪಿದ್ದಕ್ಕ ನಾವು ನಿಮ್ಮ ತಮ್ಮನ್ನ ಬ್ಯಾಡ ಅಂದಿದ್ದಲ್ಲ. ಟಿಪ್ಪಣಿ ಯಾರಿಗೆ ತಪ್ಪಂಗಿಲ್ಲ? ಬರೆದುಕೊಟ್ಟೋರು ಬಿಟ್ಟಿರ್ತಾರ, ಹುಡುಗಂದೇನೂ ತಪ್ಪಿಲ್ಲ ಅಂತ ನಾನೇ ಅಧ್ಯಕ್ಷರ ಕಿವ್ಯಾಗ ಹೇಳಿದ್ದೆ. ಅದಕ್ಕೇ ನಿಮ್ಮನ್ನ ಒಳಗ ಕರೆದದ್ದು. ನೀವು ಬರ್ದೀನಿ ಅಂದ್ರಿ. ಇದ್ದದ್ದನ್ನ ಇಲ್ಲ ಅನ್ನೋನ್ನ ಮಕ್ಕಳ ಮುಂದ ಹೆಂಗ ನಿಲ್ಸೋದು ಅಂದ್ರು ಅಧ್ಯಕ್ಷರು. ನನ್ನ ಹತ್ರ ಮಾತು ಉಳೀಲಿಲ್ಲ."

ನಾನು ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಸೊರಬದ ಎರಡು ಬಸ್ಸು ಬಂದು ಹೋದವು. ಮೂರನೆಯದಕ್ಕೆ ಹತ್ತಿದೆ. ಮನೆಗೆ ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಜಾಗ ತುಂಬಿದೆ ಎಂದಷ್ಟೇ ಹೇಳಿದರೆ ಸುಳ್ಳೇನೂ ಆಗುತ್ತಿರಲಿಲ್ಲ. ಉಳಿದದ್ದನ್ನು ಬಿಟ್ಟರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಪೂರ್ತಿ ಹೇಳಿದೆ. ನಾನು ಒಳಗೆ ಹೋಗಿ ನಿಜ ಹೇಳಿದ್ದರೆ ಅವನಿಗೆ ಆ ಕೆಲಸ ಸಿಗುತ್ತಿತ್ತು ಎನ್ನುವುದನ್ನೂ, ಮೇಷ್ಟ್ರ ಮಾತಿನಲ್ಲೇ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಕೇಳಿದ.

"ಇಷ್ಟೇನಾ?"

"ಇಷ್ಟೇ."

ಮರುದಿನ ಪಕ್ಕದ ಮನೆಯವಳ ಕೈಯಲ್ಲಿ ಆ ಮೇಷ್ಟ್ರಿಗೊಂದು ಕಾರ್ಡು ಬರೆಸಿದ. ನನ್ನ ಅಕ್ಕ ಬಂದಿದ್ದಳಂತೆ, ತಾವು ಅವಳಿಗೆ ಏನು ಹೇಳಿದಿರಿ, ದಯವಿಟ್ಟು ಪೂರ್ತಿ ತಿಳಿಸಿ ಎಂದು. ನಾನು ಅಲ್ಲೇ ಒಲೆಯ ಮುಂದೆ ಇದ್ದೆ. ಅವನಿಗೆ ಅದು ಗೊತ್ತಿತ್ತು.

ಹತ್ತು ದಿನಕ್ಕೆ ಲಕೋಟೆಯಲ್ಲಿ ಉತ್ತರ ಬಂತು. ಅಂಚೆಯವರು ಕೊಟ್ಟದ್ದು ನನ್ನ ಕೈಗೆ. ಒಡೆಯದೆ ಅವನಿಗೆ ಕೊಟ್ಟೆ. ಅವನು ಅವಳನ್ನು ಕರೆಸಿ, ನನ್ನನ್ನು ಎದುರಿಗೆ ಕೂರಿಸಿ ಓದಿಸಿದ. ಅವಳು ಒಂದೊಂದೇ ಸಾಲು ಓದುತ್ತಿದ್ದಳು. ನಾನು ಎಲ್ಲ ಹೇಳಿದ್ದೆ. ಆದರೂ ಅವಳು ಓದಿ ಮುಗಿಸುವವರೆಗೆ, ನನಗೇ ತಿಳಿಯದೆ ಏನಾದರೂ ಬಿಟ್ಟಿದ್ದೇನೋ ಎಂದು ಅವನಂತೆಯೇ ನಾನೂ ಕಿವಿಗೊಟ್ಟು ಕೂತಿದ್ದೆ.